ಮೈಕ್ರೋಫೈನಾನ್ಸ್ ಫೀಲ್ಡ್ ಕೆಲಸ, ಅಂಕೋಲಾ ಕಡೆ: ಜೂನ್ ಜುಲೈ ಕಲೆಕ್ಷನ್ ಹೇಗೆ ದಾಟಿಸ್ತೀರಿ?

ಘಟ್ಟದ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಬಿಕಾಂ ಮುಗಿಸಿ ಒಂದು ಮೈಕ್ರೋಫೈನಾನ್ಸ್ ಕಂಪನಿಗೆ ಫೀಲ್ಡ್ ಆಫೀಸರ್ ಅಂತ ಸೇರಿದೆ. ಯಾವ ಕಂಪನಿ ಅಂತ ಕೇಳಬೇಡಿ. ಮೊದಲು ಶಿರಸಿ ಬ್ರಾಂಚಿನಲ್ಲಿದ್ದೆ. ಈ ವರ್ಷ ಘಟ್ಟ ಇಳಿಸಿ ಅಂಕೋಲಾ ಕಡೆ ಹಾಕಿದ್ದಾರೆ.

ಮೇಲೆ ಇದ್ದಾಗ ಕೆಲಸ ಅಷ್ಟು ಭಾರ ಅನಿಸಿರಲಿಲ್ಲ. ನನ್ನ ಸದಸ್ಯರು ಜಾಸ್ತಿ ಅಡಿಕೆ ಸುಲಿಯುವವರು, ತೋಟದ ಕೆಲಸಕ್ಕೆ ಹೋಗುವವರು. ಅಡಿಕೆ ಕೊನೆ ಕೊಯ್ಲು ಶುರುವಾದರೆ ರಾತ್ರಿ ಎಲ್ಲ ಕೂತು ಸುಲಿಯುತ್ತಾರೆ, ಕೈಯಲ್ಲಿ ದುಡ್ಡು ಓಡಾಡುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಎಳೆದಾಟ. ಆದರೂ ಒಡೆಯರ ಹತ್ತಿರ ಮುಂಗಡ ತಂದಾದರೂ ಕಟ್ಟುತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು.

ಇಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ಕ್ಕೆ ಬೋಟುಗಳು ದಡ ಸೇರಿದವು. ನನ್ನ ಸೆಂಟರುಗಳಲ್ಲಿ (ಸಾಲದ ಗುಂಪಿನವರು ಕಂತು ಕಟ್ಟಲಿಕ್ಕೆ ಸೇರುವ ಜಾಗ) ಅರ್ಧಕ್ಕರ್ಧ ಮೀನು ಮಾರುವ ಹೆಂಗಸರು, ಗಂಡಂದಿರು ಬೋಟಿಗೆ ಹೋಗುವವರು. ಜೂನ್ ಮೀಟಿಂಗಿಗೆ ಎಲ್ಲರೂ ಬಂದರು, ಮೇ ತಿಂಗಳ ದುಡ್ಡು ಸ್ವಲ್ಪ ಉಳಿದಿತ್ತು. ಜುಲೈಯಲ್ಲಿ ಚಾಪೆ ಖಾಲಿ. ಬಂದ ಮೂರು ನಾಲ್ಕು ಜನ ಕಂತು ಬರೆಯುವ ಕಾರ್ಡು ತೊಡೆಯ ಮೇಲಿಟ್ಟುಕೊಂಡು ಮಳೆ ನೋಡುತ್ತಾ ಕೂರುತ್ತಾರೆ. "ತಮಾ, ಸಮುದ್ರ ಬಾಗಿಲು ಹಾಕಿದೆ, ನಾವು ಎಲ್ಲಿಂದ ತರೂದು?" ಅನ್ನುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಬ್ರಾಂಚಿಗೆ ಬಂದರೆ ಬಿಎಂ (ಬ್ರಾಂಚ್ ಮ್ಯಾನೇಜರ್) ಹತ್ತಿರ ಬೈಗುಳ. "ಕಲೆಕ್ಷನ್ ಶೀಟು ಕ್ಲಿಯರ್ ಮಾಡದೆ ವಾಪಸ್ ಬರಬೇಡ" ಅನ್ನುತ್ತಾರೆ. ಸಂಜೆ ಏಳಕ್ಕೆ ಫೋನ್, ಸದಸ್ಯರ ಮನೆ ಬಾಗಿಲಲ್ಲಿ ನಿಂತು ಲೊಕೇಶನ್ ಹಾಕಿ ಫೋಟೋ ಕಳಿಸು ಅಂತ. ನನ್ನ ಜೊತೆಗಿರುವ ಒಬ್ಬ ಹುಡುಗ ಓಡಿ (ಓವರ್‌ಡ್ಯೂ, ಅಂದರೆ ಕಂತು ಬಾಕಿ) ಕಾಣಬಾರದು ಅಂತ ತನ್ನ ಕೈಯಿಂದ ದುಡ್ಡು ಹಾಕಿ ಆಮೇಲೆ ಸದಸ್ಯರ ಹತ್ತಿರ ವಸೂಲಿ ಮಾಡಿಕೊಳ್ಳುತ್ತಾನೆ. ನೀನೂ ಹಾಗೇ ಮಾಡು ಅನ್ನುತ್ತಾನೆ. ಇದರ ಮೇಲೆ ಇನ್ನೊಂದು. "ಸರ್ಕಾರ ಮೈಕ್ರೋಫೈನಾನ್ಸ್ ಸಾಲ ಮನ್ನಾ ಮಾಡಿದೆಯಂತೆ, ನೀವ್ಯಾಕೆ ಬರ್ತೀರಿ?" ಅಂತ ಗಂಡಸರು ಬಂದು ನಿಲ್ಲುತ್ತಾರೆ. ಮೊನ್ನೆ ಒಬ್ಬರು ಬೈಕಿನ ಕೀಲಿಯನ್ನೇ ತೆಗೆದಿಟ್ಟುಕೊಂಡರು. ಅವರ ತಾಯಿ ಬಂದು ಬೈದು ಕೊಡಿಸಿದರು.

ಅನುಭವ ಇರುವವರು ಹೇಳಿ. ಈ ಎರಡು ತಿಂಗಳು ಹೇಗೆ ದಾಟಿಸ್ತೀರಿ? ಕೈಯಿಂದ ಹಾಕುವುದು ನಡೆಯುತ್ತದಾ? ಸಂಜೆ ಆರರ ಮೇಲೆ ಹೋಗಲ್ಲ ಅಂದರೆ ಕೆಲಸ ಉಳಿಯುತ್ತದಾ? ಮತ್ತೆ, ಸುಮ್ನೆ ಬಿಟ್ಟುಬಿಡು ಅನ್ನುವ ಉತ್ತರ ಬೇಡ. ಅದು ನನಗೂ ಗೊತ್ತು.

ಟೈಲ್ಸ್_ಲೆಕ್ಕ:

ಬಿಟ್ಟುಬಿಡು.

ತಡೆಯೋಕಾಗಲಿಲ್ಲ ಮಾರಾಯ, ಬೇಜಾರಾಗಬೇಡ. ನಾನೂ ಇದೇ ಕೆಲಸ ಮಾಡಿದವನು, ಹಳಿಯಾಳ ಜೊಯಿಡಾ ಕಡೆ. ಅಲ್ಲಿ ಸಮುದ್ರ ಇಲ್ಲ, ನೆಟ್‌ವರ್ಕೂ ಇಲ್ಲ. ಟ್ಯಾಬ್ ಸಿಂಕ್ ಆಗಲಿ ಅಂತ ಗುಡ್ಡ ಹತ್ತಿ ನಿಲ್ಲುತ್ತಿದ್ದೆ, ಬ್ಯಾಗಿನಲ್ಲಿ ಊರಿನವರ ದುಡ್ಡು. ಈಗ ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿಯ ಲೆಕ್ಕ ಬರೆಯುತ್ತೇನೆ. ಸಂಬಳ ಕಮ್ಮಿ. ಊಟದ ಹೊತ್ತಿಗೆ ಊಟ.

ಹಳೇ_ಆಕ್ಟಿವಾ:

ತಮಾ, ಬಿಡು ಅಂತಲೂ ಹೇಳಲ್ಲ, ಇರು ಅಂತಲೂ ಹೇಳಲ್ಲ. ನಾನು ಹೊನ್ನಾವರದಿಂದ ಕಾರವಾರದವರೆಗೆ ಬೇರೆ ಬೇರೆ ಬ್ರಾಂಚಿನಲ್ಲಿ ಇದೇ ಕೆಲಸ ಮಾಡಿದವಳು. ಕೊನೆಗೆ ಬಿಎಂ ಆಗಿ ಹೊರಬಂದೆ, ಈಗ ಒಂದು ಪತ್ತಿನ ಸಂಘದಲ್ಲಿದ್ದೇನೆ. ಸಾಲ ತೆಗೆದುಕೊಳ್ಳುವವರೆಲ್ಲ ಹೆಂಗಸರು, ಕೊಡಲಿಕ್ಕೆ ಬರುವವರು ಮಾತ್ರ ಗಂಡುಹುಡುಗರು. ನನ್ನಂಥವರು ಕೈಬೆರಳಿನಲ್ಲಿ ಎಣಿಸುವಷ್ಟು. ಅದರ ಕತೆ ಇನ್ನೊಂದು ದಿನ.

ನೀನು ಜುಲೈ ಬಗ್ಗೆ ಕೇಳುತ್ತೀಯ. ಜುಲೈಯ ಕಷ್ಟ ಜನವರಿಯಲ್ಲೇ ಹುಟ್ಟಿರುತ್ತದೆ, ಸಾಲ ಕೊಡುವ ದಿನ. ಲೆಕ್ಕ ಹಾಕಿ ನೋಡು. 50,000 ರೂಪಾಯಿ ಸಾಲ, ಎರಡು ವರ್ಷ, ಉಳಿದ ಅಸಲಿನ ಮೇಲೆ ಬಡ್ಡಿ ಶೇ 24 ಅಂತ ಇಟ್ಟುಕೋ. ತಿಂಗಳ ಕಂತು ಸುಮಾರು 2,640 ಬರುತ್ತದೆ. ಒಂದೇ ಸಾಲವಾದರೆ ಮೀನು ಮಾರುವ ಹೆಂಗಸಿಗೆ ಅದು ದೊಡ್ಡ ಮಾತಲ್ಲ. ಆದರೆ ಅವಳ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕಂಪನಿಯ ಕಾರ್ಡು ಇರುತ್ತವೆ. ಆಗ ತಿಂಗಳಿಗೆ 7,900ರ ಮೇಲೆ.

ಆರ್‌ಬಿಐ 2022ರ ಏಪ್ರಿಲ್‌ನಿಂದ ತಂದ ನಿಯಮ ನಿನಗೆ ಟ್ರೈನಿಂಗಿನಲ್ಲಿ ಹೇಳಿರಬೇಕು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ, ಅಡವು ಇಲ್ಲದೆ ಕೊಡುವ ಸಾಲ ಇದು. ಆ ಮನೆಯ ಎಲ್ಲ ಸಾಲದ ಕಂತು ಸೇರಿಸಿದರೂ ತಿಂಗಳ ಆದಾಯದ ಅರ್ಧ ದಾಟಬಾರದು. 7,900 ಕಂತು ಇರುವ ಮನೆಗೆ ಹತ್ತಿರ ಹತ್ತಿರ 16,000 ಆದಾಯ ಬೇಕು ಅಂತಾಯಿತು. ಅಕ್ಟೋಬರಿನಲ್ಲಿ ಕೇಳಿದರೆ ಅಷ್ಟು ಬರುತ್ತದೆ, ಅದಕ್ಕಿಂತ ಜಾಸ್ತಿಯೂ ಬರುತ್ತದೆ. ಜುಲೈಯಲ್ಲಿ ಅದೇ ಮನೆಗೆ ಎಷ್ಟು ಬರುತ್ತದೆ? ಟ್ಯಾಬಿನಲ್ಲಿ ಒಂದು ಅಂಕಿ ಹಾಕಿದರೆ ಹಸಿರು ಬಣ್ಣ ಬರುತ್ತದೆ, ಇನ್ನೊಂದು ಹಾಕಿದರೆ ಕೆಂಪು. ಹಸಿರು ಬರುವ ಅಂಕಿ ಎಷ್ಟು ಅಂತ ಬ್ರಾಂಚಿನಲ್ಲಿ ಎಲ್ಲರಿಗೂ ಬಾಯಿಪಾಠ. ತಿಂಗಳ ಟಾರ್ಗೆಟ್ ತಲೆ ಮೇಲಿದ್ದಾಗ ಯಾರು ಕೆಂಪು ಅಂಕಿ ಹಾಕುತ್ತಾರೆ ಹೇಳು. ಜನವರಿಯಲ್ಲಿ ಆ ಅಂಕಿ ಹಾಕಿದವನು ಜುಲೈಗೆ ಬೇರೆ ಬ್ರಾಂಚಿನಲ್ಲಿರುತ್ತಾನೆ. ಬಾಗಿಲಲ್ಲಿ ನಿಂತು ಬೈಸಿಕೊಳ್ಳುವುದು ನೀನು.

ಅದಕ್ಕೇ ನಾನು ಒಂದು ಡೈರಿ ಇಟ್ಟಿದ್ದೆ. ಸೆಂಟರಿನ ಹೆಸರು, ಅದರ ಕೆಳಗೆ ಯಾವ ಮನೆಗೆ ಯಾವ ತಿಂಗಳು ದುಡ್ಡು ಅಂತ. ಅಷ್ಟೇ. ಟ್ಯಾಬಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬರೆಯುತ್ತಾ ಹೋದರೆ ನಿನಗೇ ಗೊತ್ತಾಗುತ್ತದೆ, ಮೀನಿನ ಮನೆ ಅಂತ ಎಲ್ಲರನ್ನೂ ಒಂದೇ ಲೆಕ್ಕಕ್ಕೆ ಹಾಕಲಿಕ್ಕೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಯಾಂತ್ರಿಕ ಬೋಟಿಗೆ. ಟ್ರಾಲರ್ ಬೋಟಿಗೆ ಹೋಗುವವನ ಮನೆ 61 ದಿನ ಪೂರ್ತಿ ಕೂತಿತು. ಹೊಳೆಯಲ್ಲಿ ಸಣ್ಣ ದೋಣಿ ಇಟ್ಟುಕೊಂಡವನ ಮನೆಯಲ್ಲಿ ಅಷ್ಟೋ ಇಷ್ಟೋ ಬರುತ್ತಿರುತ್ತದೆ. ಏಪ್ರಿಲ್ ಮೇಯಲ್ಲಿ ಒಣಮೀನು ಮಾಡಿಟ್ಟವಳಿಗೆ ಮಳೆ ಬೀಳುವ ಹೊತ್ತಿಗೇ ವ್ಯಾಪಾರ. ಅಘನಾಶಿನಿ ಅಳಿವೆಯ ಕಡೆ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರಿಗೆ ಉಬ್ಬರ ಇಳಿತದ ಲೆಕ್ಕ, ನಿನ್ನ ಮೀಟಿಂಗ್ ಟೈಮಿನ ಲೆಕ್ಕ ಅಲ್ಲ. ನೀರು ಇಳಿದ ಹೊತ್ತಿಗೆ ಮೀಟಿಂಗ್ ಇಟ್ಟರೆ ಯಾರೂ ಬರುವುದಿಲ್ಲ, ಅಟೆಂಡೆನ್ಸ್ ಕಮ್ಮಿ ಅಂತ ನಿನಗೆ ಮಾರ್ಕು ಕಮ್ಮಿ. ಹಾಲಕ್ಕಿಯವರು ಸೊಪ್ಪು ತರಕಾರಿ ಮಾರುವವರು, ಅವರ ಹಂಗಾಮೇ ಬೇರೆ.

ನಾನು ಕಂಡ ಅತಿ ಕೆಟ್ಟ ಗುಂಪು ಯಾವುದು ಗೊತ್ತಾ? ಒಂದೇ ಬೋಟಿಗೆ ಹೋಗುವ ಐವರ ಹೆಂಡತಿಯರು ಸೇರಿ ಮಾಡಿದ ಗುಂಪು. ಕಾಗದದಲ್ಲಿ ಬಹಳ ಗಟ್ಟಿ. ಅಕ್ಕಪಕ್ಕದ ಮನೆ, ಒಬ್ಬರಿಗೊಬ್ಬರು ನೆಂಟರು. ಬೋಟಿನ ಎಂಜಿನ್ ಕೆಟ್ಟು ನಿಂತಿತು. ಐದೂ ಮನೆ ಒಟ್ಟಿಗೆ ಬಿತ್ತು. ಒಬ್ಬಳು ತಪ್ಪಿದರೆ ಉಳಿದ ನಾಲ್ವರು ಕಟ್ಟಬೇಕು ಅನ್ನುವುದು ಗುಂಪಿನ ಜವಾಬ್ದಾರಿ ಅಲ್ವಾ? ಕಟ್ಟುವ ನಾಲ್ವರು ಎಲ್ಲಿದ್ದಾರೆ? ಆಮೇಲೆ ಗುಂಪು ಮಾಡುವಾಗ ನಾನು ಒಬ್ಬಳು ಮೀನಿನವಳು, ಒಬ್ಬಳು ಹೊಲಿಗೆಯವಳು, ಒಬ್ಬಳು ಅಂಗನವಾಡಿ ಸಹಾಯಕಿ, ಹೀಗೆ ಬೆರೆಸಿ ನೋಡುತ್ತಿದ್ದೆ. ಜಾತಿ ಕೇರಿ ಅಂತ ಅದು ಎಲ್ಲ ಕಡೆ ಆಗುವುದಿಲ್ಲ. ಆದ ಕಡೆ ಮಳೆಗಾಲ ಹಗುರ.

ಈಗ ನಿನ್ನ ಕೈಯಲ್ಲಿರುವ ಶೀಟಿನ ಮಾತು. ಕೈಯಿಂದ ಹಾಕಬೇಡ. ಒಂದು ರೂಪಾಯಿಯೂ ಬೇಡ. ಇದರಲ್ಲಿ ಮಾತ್ರ ನಾನು ಗಟ್ಟಿ. ನೀನು ಹಾಕಿದರೆ ಪುಸ್ತಕದಲ್ಲಿ ಅವಳು ಸರಿಯಾಗಿ ಕಟ್ಟಿದವಳು ಅಂತಾಗುತ್ತದೆ. ಸರಿಯಾಗಿ ಕಟ್ಟಿದವಳಿಗೆ ಕ್ರೆಡಿಟ್ ರಿಪೋರ್ಟ್ ಚೆನ್ನಾಗಿರುತ್ತದೆ, ಇನ್ನೊಂದು ಕಂಪನಿಯವನು ಬಂದು ಇನ್ನೊಂದು ಸಾಲ ಕೊಡುತ್ತಾನೆ. ಅವಳು ಮುಳುಗುತ್ತಿದ್ದಾಳೆ ಅನ್ನುವ ಸುದ್ದಿಯನ್ನು ನೀನೇ ಮುಚ್ಚಿಟ್ಟ ಹಾಗೆ. ಆಮೇಲೆ ಅವಳು ನಿನಗೆ ವಾಪಸ್ ಕೊಡುವ ದುಡ್ಡಿಗೆ ರಸೀದಿ ಇಲ್ಲ. ನಾಳೆ ಆಡಿಟ್‌ನವರು ಮನೆಗೆ ಬಂದು ಕೇಳಿದರೆ "ಸರ್ ಕೈಗೆ ಸಾವಿರ ಕೊಟ್ಟೆ" ಅನ್ನುತ್ತಾಳೆ, ಸತ್ಯವನ್ನೇ ಹೇಳುತ್ತಾಳೆ. ಕಾರ್ಡಿನಲ್ಲಿ ಅದು ಇರುವುದಿಲ್ಲ. ದುಡ್ಡು ತಿಂದವನು ಯಾರು ಅಂತಾಯಿತು? ಅದೇ ಕಾರಣಕ್ಕೆ ನಿನ್ನ ಸ್ವಂತ ಫೋನ್‌ಪೇಗೆ ಕಂತು ಹಾಕಿಸಿಕೊಳ್ಳಬೇಡ. ಮಗ ಗೋವಾದಿಂದ ಕಳಿಸುತ್ತಾನೆ, ನಿಮ್ಮ ನಂಬರ್ ಕೊಡಿ ಅನ್ನುತ್ತಾರೆ. ಕಂಪನಿಯ ಕ್ಯೂಆರ್ ತೋರಿಸು.

ಸಂಜೆ ಆರರ ವಿಷಯ ಸುಲಭ, ನಿಯಮದಲ್ಲೇ ಬರೆದಿದೆ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವುದೇ ತಪ್ಪು, ಹೋಗಿ ನಿಲ್ಲುವುದು ಇನ್ನೂ ದೂರದ ಮಾತು. ಕಂತು ಕಟ್ಟುವ ಜಾಗ ಇಬ್ಬರೂ ಸೇರಿ ಒಪ್ಪಿಕೊಂಡಿದ್ದಾಗಿರಬೇಕು. ಅವಳು ಅಲ್ಲಿಗೆ ಸಾಲಾಗಿ ಎರಡು ಸಲ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬಿಎಂ ಫೋನಿನಲ್ಲಿ ಹೇಳಿದ್ದಕ್ಕೆ ನೀನು ವಾಟ್ಸಾಪಿನಲ್ಲಿ ಉತ್ತರ ಕೊಡು: "ಸರ್, ಆರು ಗಂಟೆ ಆಗಿದೆ, ನಾಳೆ ಬೆಳಿಗ್ಗೆ ಹೋಗುತ್ತೇನೆ." ಜಗಳ ಬೇಡ, ಭಾಷಣ ಬೇಡ. ಬರಹದಲ್ಲಿ ಇದ್ದರೆ ಸಾಕು. ನಾನೇ ಬಿಎಂ ಆಗಿದ್ದವಳು ಹೇಳುತ್ತೇನೆ, ಬರಹ ಕಂಡ ಕೂಡಲೇ ನಮ್ಮ ದನಿ ತಗ್ಗುತ್ತದೆ.

ಮನ್ನಾ ಮಾತು ಎಲ್ಲಿಂದ ಬಂತು ಅಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿ, ಲೈಸೆನ್ಸ್ ಇಲ್ಲದವರು ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಅಂತ ಅದರಲ್ಲಿ ಇತ್ತು. ಊರಿನಲ್ಲಿ ಹರಡುವಾಗ ಮೊದಲರ್ಧ ಉದುರಿಹೋಯಿತು, "ಸಾಲ ತೀರಿತು" ಅನ್ನುವುದು ಉಳಿಯಿತು. ಆರ್‌ಬಿಐ ನೋಂದಣಿ ಇರುವ ಕಂಪನಿಯ ಸಾಲ ಮನ್ನಾ ಆಗಿಲ್ಲ. ಇದನ್ನು ಗಂಡಸರ ಗುಂಪಿನ ಎದುರು ವಾದಕ್ಕೆ ನಿಂತು ಹೇಳಬೇಡ. ಕಂಪನಿಯ ನೋಂದಣಿ ಪತ್ರದ ಪ್ರತಿ ಬ್ಯಾಗಿನಲ್ಲಿಟ್ಟುಕೋ, ಸೆಂಟರ್ ಮೀಟಿಂಗಿನಲ್ಲಿ ಹೆಂಗಸರಿಗೆ ತೋರಿಸು. ಅದೇ ಸುಗ್ರೀವಾಜ್ಞೆಯಲ್ಲಿ ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತಲೂ ಇತ್ತು. ದೂರು ಬಿದ್ದರೆ ಅದರಲ್ಲಿ ಮೊದಲು ಬರುವ ಹೆಸರು ಬಾಗಿಲಲ್ಲಿ ನಿಂತವನದ್ದು, ಫೋನಿನಲ್ಲಿ ಹೇಳಿದವನದ್ದಲ್ಲ. ಏಳು ಗಂಟೆಯ ಫೋಟೋ, ಲೊಕೇಶನ್ ಸಮೇತ, ನಿನ್ನದೇ ಫೋನಿನಿಂದ ಹೋಗಿರುತ್ತದೆ. ಯೋಚಿಸು.

ಇನ್ನು ಯಾರೂ ಹೇಳಿಕೊಡದ ಒಂದು ವಿಷಯ, ಒದ್ದೆ ನೋಟು. ನಗಬೇಡ. ಮೀನಿನವರು ದುಡ್ಡನ್ನು ಸೊಂಟದ ಗಂಟಿನಲ್ಲಿ ಇಟ್ಟಿರುತ್ತಾರೆ. ಐಸಿನ ನೀರು, ಮಳೆ ನೀರು, ಬೆವರು. ಹತ್ತರ ಇಪ್ಪತ್ತರ ನೋಟು ಒಂದಕ್ಕೊಂದು ಅಂಟಿಕೊಂಡು ಹಲಗೆ ಆಗಿರುತ್ತದೆ, ನಡುವೆ ಮೀನಿನ ಹುರುಪೆ. ಎಣಿಸುವಾಗ ಎರಡು ನೋಟು ಒಂದಾಗಿ ಹೋಗುತ್ತದೆ, ಇಲ್ಲವೇ ಬಿಡಿಸುವಾಗ ಹರಿಯುತ್ತದೆ. ಬ್ಯಾಂಕಿನ ಡೆಪಾಸಿಟ್ ಮಷಿನ್ ತೇವದ ನೋಟನ್ನು ಉಗುಳುತ್ತದೆ, ಕೌಂಟರಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ. ಕಮ್ಮಿ ಬಿದ್ದದ್ದು ನಿನ್ನ ಸಂಬಳದಿಂದ. ನಾನು ಬ್ಯಾಗಿನಲ್ಲಿ ಹಳೇ ಹತ್ತಿ ಟವೆಲ್ ಇಟ್ಟುಕೊಳ್ಳುತ್ತಿದ್ದೆ. ಅವಳ ಎದುರೇ ಚಾಪೆಯ ಮೇಲೆ ಒಂದೊಂದೇ ಬಿಡಿಸಿ, ಟವೆಲಿನಲ್ಲಿ ಒತ್ತಿ, ಅವಳ ಕೈಯಿಂದಲೇ ಎಣಿಸಿಸಿ ಆಮೇಲೆ ತೆಗೆದುಕೊಳ್ಳುವುದು. ಬ್ರಾಂಚಿಗೆ ಬಂದು ಫ್ಯಾನಿನ ಕೆಳಗೆ ಮೇಜಿನ ತುಂಬ ಹರಡುವುದು, ಮೂಲೆಗಳಲ್ಲಿ ಸ್ಟಾಂಪು, ಸ್ಟೇಪ್ಲರ್ ಭಾರಕ್ಕೆ. ಹೊಸ ಹುಡುಗರು ಒಣಮೀನಿನ ಅಂಗಡಿ ಅಂತ ತಮಾಷೆ ಮಾಡುತ್ತಿದ್ದರು. ಮಾಡಲಿ. ನನ್ನ ಲೆಕ್ಕ ಸರಿ ಇರುತ್ತಿತ್ತು.

ಬೆರಳಚ್ಚೂ ಹಾಗೇ. ಐಸು, ಉಪ್ಪು, ಮೀನು ಹೆಚ್ಚುವ ಕತ್ತಿ, ಬೆರಳ ತುದಿ ನುಣ್ಣಗಾಗಿರುತ್ತದೆ. ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ ಬೇರೆ ಬೆರಳು ಹಿಡಿಸು. ನಾಲ್ಕು ಜನರ ಎದುರು "ನಿಮ್ಮ ಬೆರಳು ಬರ್ತಾ ಇಲ್ಲ" ಅಂತ ಕೂಗಬೇಡ.

ಪಿಗ್ಮಿ_ಮಾಮ:

ನಾನು ಕುಮಟಾದಲ್ಲಿ ಪಿಗ್ಮಿ ಸಂಗ್ರಹ ಮಾಡಿ ಮುದುಕನಾದವನು. ನಿಮ್ಮದು ಸಾಲದ ಬ್ಯಾಗು, ನಮ್ಮದು ಉಳಿತಾಯದ ಬ್ಯಾಗು. ಅದೇ ಓಣಿ, ಅದೇ ಅಂಗಡಿ. ನಮ್ಮನ್ನು ಕಂಡರೆ "ಬನ್ನಿ ಪಿಗ್ಮಿ ಮಾಮ" ಅಂತ ಚಾ ಕೊಡುತ್ತಿದ್ದರು. ನಿಮ್ಮನ್ನು ಕಂಡರೆ ಹಿಂದಿನ ಬಾಗಿಲಿನಿಂದ ಹೋಗುತ್ತಾರೆ. ದುಡ್ಡು ಯಾವ ಕಡೆ ಹರಿಯುತ್ತದೆ ಅನ್ನುವುದರ ಮೇಲೆ ಮರ್ಯಾದೆ.

ಈ ಪಿಗ್ಮಿ ಪದ್ಧತಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು, ನಮ್ಮ ಪಕ್ಕದ ಉಡುಪಿಯಿಂದಲೇ. ಬ್ಯಾಂಕಿಗೆ ಬರದವರ ಮನೆಗೆ ಬ್ಯಾಂಕೇ ಹೋಗುವುದು. ಈಗ ನೀವು ಟ್ಯಾಬ್ ಹಿಡಿದು ಮಾಡುವುದನ್ನು ನಾವು ಕಾಲ್ನಡಿಗೆಯಲ್ಲಿ ಮಾಡಿದ್ದು. ಮನೆಮನೆಗೆ ಹೋಗುವವನು ಬ್ಯಾಂಕಿನ ಮನುಷ್ಯನೋ ಅಲ್ಲವೋ ಅನ್ನುವ ಜಗಳವೂ ಹೊಸದಲ್ಲ. ನಾವು ಕಮಿಷನ್ ಏಜೆಂಟರು, ನೌಕರರಲ್ಲ ಅಂತ ಬ್ಯಾಂಕುಗಳು ವಾದಿಸಿದವು. 1988ರಲ್ಲಿ ಹೈದರಾಬಾದಿನ ಟ್ರಿಬ್ಯುನಲ್, 2001ರಲ್ಲಿ ಸುಪ್ರೀಂ ಕೋರ್ಟು, ಇವರೂ ಕೆಲಸಗಾರರೇ ಅಂದವು. ಕಾಯಂ ನೌಕರಿ ಸಿಗಲಿಲ್ಲ, ಗ್ರಾಚ್ಯುಟಿಯಂಥದ್ದು ಸಿಕ್ಕಿತು. ಅಷ್ಟಕ್ಕೇ ಎಷ್ಟು ವರ್ಷ ಓಡಾಡಿದರು ನೋಡಿ.

ತಮಾ, ನನ್ನದೊಂದು ಸಲಹೆ. ಹೋಗುವ ಹೊತ್ತು ಬದಲಿಸು. ನಾನು ಮೀನು ಪೇಟೆಗೆ ಹೋಗುತ್ತಿದ್ದುದು ಬುಟ್ಟಿ ಖಾಲಿಯಾದ ಮೇಲೆ. ಆಗ ಅವರ ಮುಖದಲ್ಲೂ ನಗು, ಕೈಯಲ್ಲೂ ದುಡ್ಡು. ಒಂದೊಂದು ದಿನ ಅವರ ಹತ್ತಿರ ಇಲ್ಲದಿದ್ದರೆ ಹತ್ತು ರೂಪಾಯಿ ನಾನೇ ಹಾಕುತ್ತಿದ್ದೆ, ಮರುದಿನ ಕೊಡುತ್ತಿದ್ದರು. ಹಳೇ ಆಕ್ಟಿವಾ ತಂಗಿ ಇಷ್ಟು ಕಟ್ಟುನಿಟ್ಟು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

ಹಳೇ_ಆಕ್ಟಿವಾ:

ಮಾಮ, ನಿಮ್ಮ ಹತ್ತು ರೂಪಾಯಿ ಅವಳ ಉಳಿತಾಯಕ್ಕೆ ಸೇರಿತು. ಇವನ 2,640 ಅವಳ ಸಾಲವನ್ನು ಮುಚ್ಚಿಡುತ್ತದೆ. ಎರಡೂ ಒಂದೇ ಹೇಗಾಗುತ್ತದೆ? ಮೀನು ಪೇಟೆಯ ಮಾತೂ ಅಷ್ಟೆ. ನೀವು ಹೋದರೆ ಪಕ್ಕದವಳು "ಇವಳು ದುಡ್ಡು ಕೂಡಿಡುತ್ತಾಳೆ" ಅಂದುಕೊಳ್ಳುತ್ತಾಳೆ. ಇವನು ಹೋದರೆ "ಇವಳು ಸಾಲ ಕಟ್ಟಿಲ್ಲ" ಅಂತ ಇಡೀ ಪೇಟೆಗೆ ಗೊತ್ತಾಗುತ್ತದೆ. ಹೊತ್ತು ಬದಲಿಸುವ ಸಲಹೆ ಮಾತ್ರ ಒಪ್ಪಿದೆ. ಸೆಂಟರ್ ಮೀಟಿಂಗನ್ನೇ ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳಬಹುದು.

ಬೈತಖೋಲ್_ಮಗಳು:

ನಾನು ಕಾರವಾರದವಳು. ನಮ್ಮ ಅಮ್ಮ ಗುಂಪಿನ ಲೀಡರ್. ನೀವೆಲ್ಲ ಫೀಲ್ಡಿನವರ ಕಷ್ಟ ಬರೆದಿರಿ, ಸ್ವಲ್ಪ ಈ ಕಡೆಯದೂ ಓದಿ.

ಯಾರಾದರೂ ಬರದಿದ್ದರೆ ಸರ್ ಫೋನ್ ಮಾಡುವುದು ನಮ್ಮ ಅಮ್ಮನಿಗೆ. "ಅಕ್ಕ, ನೀವೇ ಹೋಗಿ ಕರ್ಕೊಂಡು ಬನ್ನಿ, ಅಲ್ಲಿಯವರೆಗೆ ಯಾರೂ ಏಳಬೇಡಿ." ಮಕ್ಕಳು ಶಾಲೆಯಿಂದ ಬರುವ ಹೊತ್ತು, ಒಲೆ ಮೇಲೆ ಅನ್ನ. ಎಲ್ಲರೂ ಕೂತಿರಬೇಕು. ಅಮ್ಮ ಓಣಿಯಲ್ಲಿ ಹೋಗಿ ಅವಳ ಬಾಗಿಲು ತಟ್ಟಬೇಕು. ಸಾಲ ಕೊಟ್ಟದ್ದು ಕಂಪನಿ, ಜಗಳ ಆದದ್ದು ನಮ್ಮಿಬ್ಬರ ಮನೆಗೆ. ಚೌತಿಗೆ ಅವರು ನಮ್ಮ ಮನೆ ಗಣಪತಿ ನೋಡಲಿಕ್ಕೂ ಬರಲಿಲ್ಲ.

ಇನ್ನೊಂದು, ಸರ್‌ಗಳು ನಿಲ್ಲುವುದೇ ಇಲ್ಲ. ಮುಖ ಗುರುತಾಗುವಷ್ಟರಲ್ಲಿ ಹೊಸಬರು. ಹಿಂದಿನ ಸರ್ "ಮುಂದಿನ ತಿಂಗಳು ಕಟ್ಟಿ, ಪರವಾಗಿಲ್ಲ" ಅಂದಿರುತ್ತಾರೆ. ಹೊಸ ಸರ್ "ಹಾಗೆ ಯಾರು ಹೇಳಿದ್ದು?" ಅನ್ನುತ್ತಾರೆ. ಒಬ್ಬರು ಸಾವಿರ ರೂಪಾಯಿ ತೆಗೆದುಕೊಂಡು ಕಾರ್ಡಿನಲ್ಲಿ ಬರೆಯದೇ ವರ್ಗವಾಗಿ ಹೋದರು. ಅಮ್ಮ ಇವತ್ತಿಗೂ ಆ ಸಾವಿರದ ಮಾತು ತೆಗೆಯುತ್ತಾರೆ. ನೀವು ವರ್ಗವಾದರೆ ಹೊಸಬರನ್ನು ಕರೆದುಕೊಂಡು ಬಂದು ಎದುರು ನಿಲ್ಲಿಸಿ, ಯಾರ ಬಾಕಿ ಎಷ್ಟು, ಏನು ಮಾತಾಗಿದೆ ಅಂತ ಎಲ್ಲರ ಕಾರ್ಡು ನೋಡಿ ಹೇಳಿ ಹೋಗಿ. ಅಷ್ಟು ಮಾಡಿದವರನ್ನು ನಾನು ನೋಡಿಲ್ಲ.

ಮತ್ತೆ ಈಗ ಎಷ್ಟೋ ಮನೆಯಲ್ಲಿ ಕಂತು ಕಟ್ಟುವುದು ಗೃಹಲಕ್ಷ್ಮಿಯ 2,000ದಿಂದ. ಆ ದುಡ್ಡು ತಡವಾದರೆ ಕಂತೂ ತಡ. ಅದು ಜಮೆ ಆದ ಮೆಸೇಜು ಬರುವ ಮೊದಲೇ ನಿಮ್ಮ ಫೋನ್ ಬಂದರೆ ಏನು ಉಪಯೋಗ? ನಿಷೇಧದ ತಿಂಗಳುಗಳಿಗೆ ಉಳಿತಾಯ ಪರಿಹಾರ ಯೋಜನೆ ಇದೆ, ಮೀನುಗಾರರು 1,500 ಕಟ್ಟಿದ್ದರೆ ಕೇಂದ್ರ, ರಾಜ್ಯ ತಲಾ 1,500 ಸೇರಿಸಿ ಕೊಡುತ್ತವೆ. ಒಟ್ಟು 4,500. ಅಕ್ಕಿ, ಮಕ್ಕಳ ಪುಸ್ತಕ, ಬಲೆ ರಿಪೇರಿ ಎಲ್ಲ ಅದರಲ್ಲೇ. ಕಂತಿಗೆ ಎಷ್ಟು ಉಳಿಯುತ್ತದೆ ನೀವೇ ಹೇಳಿ.

ಸ್ವಲ್ಪ ಕೊಂಕಣಿ ಕಲಿಯಿರಿ. ಅಮ್ಮಂದಿರು ಕನ್ನಡದಲ್ಲಿ "ಆಯ್ತು ಸರ್" ಅಂತಾರೆ, ನಿಜ ಹೇಳುವುದು ಕೊಂಕಣಿಯಲ್ಲಿ.

ಘಟ್ಟದ_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಟೈಲ್ಸ್ ಅಣ್ಣನಿಗೂ. ಎಲ್ಲರನ್ನೂ ಕೂರಿಸಿಟ್ಟುಕೊಳ್ಳುವುದು ನಮ್ಮ ಬ್ರಾಂಚಿನಲ್ಲೂ ನಡೆಯುತ್ತದೆ, ಅದನ್ನು ನಾನು ನಿಲ್ಲಿಸುತ್ತೇನೆ. ಆರರ ಮೇಲೆ ಹೋಗಲ್ಲ ಅಂತ ವಾಟ್ಸಾಪ್ ಹಾಕಿದೆ. ಬಿಎಂ ನೋಡಿದ್ದಾರೆ, ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.

ಆಕ್ಟಿವಾ ಅಕ್ಕ, ಒಂದು ಕೇಳಬೇಕು. ಅವರ ಹತ್ತಿರ 800 ಇದ್ದರೆ 800 ತೆಗೆದುಕೊಳ್ಳಬಹುದಾ? ಪೂರ್ತಿ ಕಂತು ಇಲ್ಲದಿದ್ದರೆ ಮುಟ್ಟಬೇಡ, ಆ್ಯಪಿನಲ್ಲಿ ಅರ್ಧ ಕಂತು ಹಾಕಲಿಕ್ಕೆ ಬರುವುದಿಲ್ಲ ಅನ್ನುತ್ತಾರೆ. ಹಾಗೆ ಬಿಟ್ಟು ಬಂದರೆ ಸಂಜೆ ಒಳಗೆ ಆ 800 ಬೇರೆ ಕಂಪನಿಯವನು ಒಯ್ಯುತ್ತಾನೆ. ಇನ್ನೊಂದು, ಜಾಸ್ತಿ ಜನ "ಆಗಸ್ಟ್ ಒಂದಕ್ಕೆ ಬೋಟು ಹೋಗುತ್ತದೆ, ಆಮೇಲೆ ಎರಡು ಕಂತು ಒಟ್ಟಿಗೆ" ಅನ್ನುತ್ತಿದ್ದಾರೆ. ಅದನ್ನೇ ಶೀಟಿನಲ್ಲಿ ಬರೆಯಲಾ?

ಹಳೇ_ಆಕ್ಟಿವಾ:

800 ತೆಗೆದುಕೋ. ಕಾರ್ಡಿನಲ್ಲಿ 800 ಅಂತಲೇ ಬರೆ, ತಾರೀಕು ಹಾಕು, ಸಹಿ ಮಾಡು. ಕಾರ್ಡಿನ ಫೋಟೋ ತೆಗೆದು ಅಲ್ಲಿಂದಲೇ ಬಿಎಂಗೆ ಕಳಿಸು. ಸಾಮಾನ್ಯವಾಗಿ ಬ್ರಾಂಚ್ ಲಾಗಿನ್ನಿನಲ್ಲಿ ಅರ್ಧ ಕಂತು ಹಾಕಲಿಕ್ಕೆ ದಾರಿ ಇರುತ್ತದೆ, ಹಾಕಿದರೆ ಆ ಅಕೌಂಟು ಓಡಿಯಲ್ಲಿ ಕಾಣುತ್ತದೆ ಅಂತ ಹಾಕುವುದಿಲ್ಲ, ಅಷ್ಟೇ. ಬರುವುದೇ ಇಲ್ಲ ಅಂದರೆ ಹೆಡ್ ಆಫೀಸಿನ ಹೆಲ್ಪ್‌ಡೆಸ್ಕಿಗೆ ಮೇಲ್ ಮಾಡಿ ಕೇಳು. ದುಡ್ಡು ಮಾತ್ರ ನಿನ್ನ ಮನೆಗೆ ಹೋಗಬಾರದು, ಅದೇ ದಿನ ಬ್ರಾಂಚಿನ ಸೇಫಿನಲ್ಲಿ ಇರಬೇಕು. ಬ್ಯಾಗು ದಾರಿಯಲ್ಲಿ ಕಳುವಾದರೆ ಕಂಪನಿಯ ವಿಮೆ ಇದೆಯಾ, ಎಷ್ಟರವರೆಗೆ, ಅದನ್ನೂ ಅದೇ ಮೇಲಿನಲ್ಲಿ ಕೇಳಿಬಿಡು.

ದಾರಿಯ ಮಾತು ಬಂತಲ್ಲ. 2024ರ ಜುಲೈ 16ಕ್ಕೆ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನಾನು ಬಿಎಂ ಆಗಿದ್ದೆ. ಗಂಗಾವಳಿಯ ಆ ಕಡೆಯ ಸೆಂಟರಿಗೆ ಹುಡುಗರು ಹೋಗುವ ಹಾಗೇ ಇಲ್ಲ. ಮೇಲಿನಿಂದ ಶೀಟು ಎಂದಿನ ಹಾಗೇ ಬಂತು. ನಾನು ಆ ಸೆಂಟರುಗಳ ಮುಂದೆ "ರಸ್ತೆ ಇಲ್ಲ" ಅಂತ ಬರೆದು ವಾಪಸ್ ಕಳಿಸಿದೆ. ಬೈದರು. ಮುಂದಿನ ತಿಂಗಳು ಕಾಳಿ ಸೇತುವೆ ಬಿದ್ದಾಗ ಯಾರೂ ಏನೂ ಕೇಳಲಿಲ್ಲ. ನಿನ್ನ ಕಡೆ ಗುಡ್ಡದ ಬುಡದ ರಸ್ತೆ ಇದ್ದರೆ ಜೋರು ಮಳೆಯ ದಿನ ಹೋಗಬೇಡ, ಹೋಗಲಿಲ್ಲ ಅಂತ ಬರೆದಿಡು.

ಆಗಸ್ಟ್ 1 ಅಂತ ಶೀಟಿನಲ್ಲಿ ಬರೆಯಬೇಡ. ನಿಷೇಧ ಮುಗಿದರೂ ಗಾಳಿ ಇದ್ದರೆ ಬೋಟು ಇಳಿಯುವುದಿಲ್ಲ. ಎಷ್ಟೋ ಜನ ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಪೂಜೆ ಮಾಡಿಯೇ ಹೋಗುವುದು. ಹೋದ ಮೇಲೂ ಮೊದಲ ದುಡ್ಡು ಡೀಸೆಲ್ಲಿಗೆ, ಬಲೆಗೆ, ಬೋಟಿನ ಮಾಲೀಕರ ಮುಂಗಡಕ್ಕೆ. ಅಷ್ಟರಲ್ಲಿ ಚೌತಿ ಬಂತು. ಎರಡು ಕಂತು ಒಟ್ಟಿಗೆ ಅನ್ನುವುದು ಬಾಯಿಮಾತು, ಯಾರಿಂದಲೂ ಆಗುವುದಿಲ್ಲ. ಸೆಪ್ಟೆಂಬರಿನಿಂದ ತಿಂಗಳ ಕಂತಿನ ಜೊತೆ ಬಾಕಿಯದ್ದು ಐನೂರೋ ಆರುನೂರೋ ಅಂತ ಒಬ್ಬೊಬ್ಬರ ಹತ್ತಿರವೂ ಕೇಳಿ, ಅವರು ಒಪ್ಪಿದ್ದನ್ನು ಬರೆದು ಬಿಎಂಗೆ ಕೊಡು. ಕಾರ್ಬನ್ ಹಾಕಿ ಎರಡು ಪ್ರತಿ ಮಾಡು, ಒಂದು ನಿನ್ನ ಹತ್ತಿರ ಇರಲಿ. ನೀನು ವರ್ಗವಾದರೆ ಮುಂದಿನವನಿಗೆ ಅದನ್ನೇ ಕೊಟ್ಟು ಹೋಗು.